ಮುಕ್ಕಾಲು ಸುತ್ತು

ಎಣ್ಣೆ ಫಿಲ್ಟರನ್ನು ಕೈಯಲ್ಲೇ ಬಿಗಿಯಬೇಕು. ಅದರ ರಬ್ಬರ್ ಉಂಗುರ ಇಂಜಿನ್ನಿಗೆ ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೇ. ಸ್ಪ್ಯಾನರ್ ಹಾಕಿ ಬಿಗಿಯುವವನು ಕತ್ತೆ. ಅಮೆರಿಕದ ಮಿನೆಸೋಟಾದ ಕಬ್ಬಿಣದ ಗಣಿಯಲ್ಲಿ ಮೂವತ್ತನಾಲ್ಕು ವರ್ಷ ಲಾರಿ ರಿಪೇರಿ ಮಾಡಿದವನು ನಾನು. ಇದನ್ನು ಎಷ್ಟು ಜನಕ್ಕೆ ಬೈದು ಕಲಿಸಿದ್ದೇನೋ ನೆನಪಿಲ್ಲ.

ಅಂಥ ನನ್ನ ಬೈಕಿನ ಫಿಲ್ಟರೇ ಆ ಏಪ್ರಿಲ್ ಶನಿವಾರ ಜಪ್ಪಯ್ಯ ಅನ್ನಲಿಲ್ಲ.

ಹಿಮ ಕರಗಿ ರಸ್ತೆ ಒಣಗಿದ ಮೊದಲ ಶನಿವಾರ ಎಣ್ಣೆ ಬದಲಿಸುವುದು ನನ್ನ ಪದ್ಧತಿ. ಗ್ಯಾರೇಜಿನಲ್ಲಿ ಇಂಜಿನ್ ಬಿಸಿ ಮಾಡಿ, ಅಡಿಯ ಬೋಲ್ಟ್ ಬಿಚ್ಚಿ, ಹಳೆ ಎಣ್ಣೆಯನ್ನು ಬೋಗುಣಿಗೆ ಇಳಿಸುವಷ್ಟರಲ್ಲೇ ಸುಸ್ತಾಗಿತ್ತು. ಎಪ್ಪತ್ತೆರಡರ ವಯಸ್ಸಿನಲ್ಲಿ ಸಿಮೆಂಟ್ ನೆಲದ ಮೇಲೆ ಮಂಡಿಯೂರುವುದು ಒಂದು ಕೆಲಸ, ಏಳುವುದು ಇನ್ನೊಂದು. ಬೆರಳ ಗಂಟುಗಳು ಊದಿದ್ದವು. ಫಿಲ್ಟರ್ ಕೈಗೆ ಬಗ್ಗಲಿಲ್ಲ. ಬೆಲ್ಟ್ ಸುತ್ತಿ ತಿರುಗಿಸುವ ಸ್ಪ್ಯಾನರ್ ಜಾರಿತು. ಕೊನೆಗೆ ಕಟುಕನ ಹಾಗೆ ಸ್ಕ್ರೂಡ್ರೈವರನ್ನು ಸುತ್ತಿಗೆಯಿಂದ ಹೊಡೆದು ಫಿಲ್ಟರಿನ ಆಚೆಗೆ ತೂರಿಸಿ, ಅದನ್ನೇ ಹಿಡಿಯಾಗಿ ಹಿಡಿದು ತಿರುಗಿಸಿದೆ. ಬಂತು. ಮೊಣಕೈವರೆಗೆ ಕಪ್ಪು ಎಣ್ಣೆಯೂ ಬಂತು.

ಬರೀ ಫಿಲ್ಟರಿನ ವಿಷಯವಾಗಿದ್ದರೆ ಇಷ್ಟು ತಲೆ ಕೆಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಕ್ರಿಸ್ಮಸ್ ಊಟದಲ್ಲಿ ಭಾವಮೈದುನ ಟಾಯ್ವೋನ ಮುಂದೆ ಮೇಜು ಗುದ್ದಿ ಹೇಳಿದ್ದೆ: "ನನ್ನ ಬೈಕಿನ ಎಣ್ಣೆ ನನ್ನ ಕೈಲಿ ಬದಲಿಸೋಕಾಗದ ದಿನ ಅದನ್ನ ಮಾರಿಬಿಡ್ತೀನಿ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೆಂಡತಿ ವರ್ನಾ ಕಾಫಿ ತಂದಳು.

"ಯಾವನೋ ಕತ್ತೆ ಇದನ್ನ ಸ್ಪ್ಯಾನರ್ ಹಾಕಿ ಬಿಗಿದಿದಾನೆ," ಅಂದೆ.

"ಹೋದ ವರ್ಷ ಹಾಕಿದವನು ನೀನೇ ಅಲ್ವಾ, ಸ್ಟ್ಯಾನ್?"

"ನಾನು ಸ್ಪ್ಯಾನರ್ ಹಾಕ್ತೀನಾ? ತಲೆ ನೆಟ್ಟಗಿದೆಯಾ ನಿಂಗೆ?"

ಅವಳು ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. "ಹಾಗಾದ್ರೆ ಆ ಕತ್ತೆ ನಾನೇ."

ಹೋದ ಏಪ್ರಿಲ್ಲಿನಲ್ಲಿ ನಾನು ಎಣ್ಣೆ ಬದಲಿಸಿದ ಮಾರನೆಯ ಬೆಳಗ್ಗೆ, ಬೈಕಿನಡಿಯ ರಟ್ಟಿನ ಮೇಲೆ ಎಣ್ಣೆ ತೊಟ್ಟಿಕ್ಕಿದ್ದನ್ನು ಅವಳು ನೋಡಿದ್ದಳಂತೆ. ನನ್ನ ಕೈ ಬಿಗಿದದ್ದು ಸಾಲದಾಗಿತ್ತು. ನಾನಿನ್ನೂ ಮಲಗಿದ್ದಾಗ ಸ್ಪ್ಯಾನರ್ ತೆಗೆದು ಬಿಗಿದು, ರಟ್ಟನ್ನು ಒಲೆಗೆ ಹಾಕಿ, ಬೇರೆ ರಟ್ಟು ಹಾಸಿದ್ದಳು.

"ನಂಗೆ ಹೇಳಬಾರದಿತ್ತಾ?"

"ಹೇಳಿದ್ರೆ ಬೈಕ್ ಮಾರ್ತಿದ್ದೆ. ಮಾರಿ, ದಿನವಿಡೀ ಅಡುಗೆಮನೇಲಿ ಕೂತ್ಕೊಂಡು, ನಾನು ಈರುಳ್ಳಿ ಹೆಚ್ಚೋದು ಸರಿಯಿಲ್ಲ ಅಂತಿದ್ದೆ. ನಂಗ್ಯಾಕೆ ಆ ಕರ್ಮ?" ಆಮೇಲೆ ದನಿ ತಗ್ಗಿಸಿದಳು. "ಸರೋವರದ ರಸ್ತೇಲಿ ನಿನ್ನ ಬೆನ್ನ ಹಿಂದೆ ಕೂರೋದು ನಂಗೂ ಇಷ್ಟ ಕಣೋ."

ಕೋಪ ಬರಬೇಕಿತ್ತು, ನಾಚಿಕೆ ಬಂತು. ಬೇಸಿಗೆಯೆಲ್ಲ ಎದೆಯುಬ್ಬಿಸಿಕೊಂಡು ತಿರುಗಿದ್ದೆನಲ್ಲ!

ಹೊಸ ಫಿಲ್ಟರಿನ ಉಂಗುರಕ್ಕೆ ಎಣ್ಣೆ ಸವರಿ, ತಾಗುವವರೆಗೆ ನಾನೇ ತಿರುಗಿಸಿದೆ. ಮುಂದಕ್ಕೆ ಬೆರಳು ಜಾರಿತು. ಮತ್ತೂ ಜಾರಿತು. ಪಕ್ಕಕ್ಕೆ ಸರಿದೆ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಹಂಡೆಗಳನ್ನು ಎತ್ತಿಳಿಸಿದ ಕೈ ಅವಳದು.

"ಎಷ್ಟು?"

"ಮುಕ್ಕಾಲು ಸುತ್ತು. ಕೈಯಲ್ಲೇ."

ಒಂದೇ ಸಲಕ್ಕೆ ಮುಗಿಸಿದಳು. ಹೊಸ ಎಣ್ಣೆ ತುಂಬಿ ಇಂಜಿನ್ ಓಡಿಸಿದೆವು. ಒಂದು ಹನಿಯೂ ಸೋರಲಿಲ್ಲ.

"ಟಾಯ್ವೋಗೆ ಹೇಳಲ್ಲ," ಅಂದಳು. "ವರ್ಷಾ ವರ್ಷಾ ನಾನು ಬಿಗೀತೀನಿ, ನೀನು ಓಡ್ಸು."

ಹೂಂ ಅನ್ನುವುದರಲ್ಲಿದ್ದೆ. ಆದರೆ ಫಿಲ್ಟರ್ ಹಿಡಿಯಲಾರದ ಈ ಕೈಯೇ ಅಲ್ಲವೇ ಬ್ರೇಕ್ ಹಿಡಿಯಬೇಕಾದದ್ದು, ಅದೂ ಇವಳನ್ನು ಬೆನ್ನ ಹಿಂದೆ ಕೂರಿಸಿಕೊಂಡು? ಇಂಜಿನ್ ಆರಿಸಿ, ಬೈಕನ್ನು ಗ್ಯಾರೇಜಿನ ಮುಂದಿನ ಇಳಿಜಾರಿಗೆ ತಂದು, ಹತ್ತಿ ಕೂತು, ಕೈ ಬ್ರೇಕೊಂದನ್ನೇ ಒತ್ತಿ ಹಿಡಿದೆ.

"ನೂರು ಎಣಿಸು."

"ಯಾಕೋ?"

"ಎಣಿಸು ಅಂದ್ನಲ್ಲ."

ಇಪ್ಪತ್ತಕ್ಕೆ ಅವಳಿಗೆ ಅರ್ಥವಾಯಿತು. ಆಮೇಲೆ ಬೇಗಬೇಗ ಎಣಿಸತೊಡಗಿದಳು. ಮೂವತ್ತೆಂಟಕ್ಕೆ ನನ್ನ ಬೆರಳು ನಡುಗಿದವು. ನಲವತ್ತಮೂರಕ್ಕೆ ತಾವಾಗಿಯೇ ಬಿಚ್ಚಿಕೊಂಡವು. ಬೈಕ್ ಮುಂದಕ್ಕೆ ಉರುಳತೊಡಗಿತು. ನಾನು ಎರಡೂ ಕಾಲು ಊರಿದೆ, ಅವಳು ಮುಂದೆ ಬಂದು ಹೆಡ್‌ಲೈಟನ್ನು ಅಂಗೈಯಲ್ಲಿ ತಡೆದಳು.

"ಇನ್ನೊಂದ್ಸಲ ಹಿಡಿ. ಇಪ್ಪತ್ತೇ ಎಣಿಸ್ತೀನಿ. ಈ ಊರಲ್ಲಿ ಯಾರು ನೂರು ಎಣಿಸೋ ತನಕ ಬ್ರೇಕ್ ಹಿಡ್ಕೊಂಡು ನಿಲ್ತಾರೆ?"

"ಸಾಕು ಕಣೇ," ಅಂದೆ. "ಸುಸ್ತಾಗಿದೆ. ಮಾರಿಬಿಡೋಣ."

ಇಬ್ಬರೂ ಸೇರಿ ಬೈಕನ್ನು ಒಳಗೆ ತಳ್ಳಿದೆವು. ಹೊಸ ಫಿಲ್ಟರಿನ ಮೇಲೆ ತಾರೀಖು, ಓಡಿದ ಮೈಲಿ ಬರೆಯುವುದು ವಾಡಿಕೆ. ಮತ್ತೆ ಮಂಡಿಯೂರಿ ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಕೈಯಲ್ಲೇ ಬಿಗಿದದ್ದು, ವರ್ನಾ.

"ನನ್ನ ಹೆಸರ್ಯಾಕೆ?"

"ನಾಳೆ ಕೊಂಡವನು ಇದನ್ನ ಬಿಚ್ಚುವಾಗ ಯಾವ ಕತ್ತೆ ಬಿಗಿದದ್ದು ಅಂತ ಬೈಕೋಬಾರದು."

ನಗುತ್ತಾಳೆ ಅಂದುಕೊಂಡಿದ್ದೆ. ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡು ಒಳಗೆ ಹೋದಳು.