ಹತ್ತು ನಿಮಿಷ, ಒಂದು ಖರ್ಜೂರ

ಫೆಸ್ ಊರಿನ ನಿವೃತ್ತ ಇತಿಹಾಸದ ಮೇಷ್ಟ್ರು ಸಿ ಥಾಮಿಯವರಿಗೆ ಲೋಕ ಕಿವಿಗೊಡಲು ಒಪ್ಪಿದ್ದು ಹತ್ತೇ ಹತ್ತು ನಿಮಿಷ. ನಾಗರಿಕತೆಗಳ ಪೈಪೋಟಿಯಲ್ಲಿ ಇಸ್ಲಾಮಿನ ಸ್ಥಾನವೇನು ಎಂದು ಬರ್ಲಿನ್ನಿನ ವಿದ್ವಾಂಸರು ಸಭೆ ಕರೆದಿದ್ದರು. ಚೀನಾದವರು, ಅಮೆರಿಕದವರು, ಎಲ್ಲ ಕಂಪ್ಯೂಟರಿನಲ್ಲೇ ಸೇರುವವರು. ಮೂವತ್ತು ವರ್ಷ ಬರೆದರೂ ಯಾರೂ ಅಚ್ಚು ಹಾಕದಿದ್ದ ಮಾತು ಮೇಷ್ಟ್ರದು. ಹೇಳಿದರೆ ಈಗ, ಇಲ್ಲದಿದ್ದರೆ ಇಲ್ಲ.

ಬರ್ಲಿನ್ನಿನ ಏಳೂವರೆ ಅಂದರೆ ನಮ್ಮ ಫೆಸ್ಸಿನ ಏಳೂವರೆಯೇ, ಉಪವಾಸ ಬಿಟ್ಟು ಆರಾಮಾಗಿ ಕೂರಬಹುದು ಅಂದುಕೊಂಡಿದ್ದರು. ಲೋಕದ ಚರಿತ್ರೆಯೆಲ್ಲ ಬಾಯಿಪಾಠವಿದ್ದ ಮಹಾರಾಯರಿಗೆ, ರಂಜಾನ್ ಬಂದರೆ ಸರ್ಕಾರ ನಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ ಎಂಬುದೇ ಲೆಕ್ಕಕ್ಕೆ ಬರಲಿಲ್ಲ. ಆರೂ ಇಪ್ಪತ್ತಕ್ಕೆ ಬರ್ಲಿನ್ನಿನಿಂದ ಫೋನು ಬಂತು, ಇನ್ನು ಹತ್ತು ನಿಮಿಷ ಎಂದು. ಸೂರ್ಯ ಮುಳುಗುವುದೂ ಆಗಲೇ.

"ಗೋಡೆ ಗಡಿಯಾರ ತಿರುಗಿಸಿದ್ರಿ, ತಲೇಲಿರೋದನ್ನ ಮರೆತ್ರಿ," ಎಂದಳು ಹೆಂಡತಿ ಬತೂಲ್, ಖರ್ಜೂರದ ತಟ್ಟೆ ಇಡುತ್ತ. "ಸ್ವಲ್ಪ ತಾಳಿ ಅನ್ನಿ ಅವರಿಗೆ."

"ಒಂದು ನಿಮಿಷಾನೂ ಆಚೀಚೆ ಆಗಲ್ವಂತೆ ಕಣೆ. ಬಾಂಗ್ ಆದ ತಕ್ಷಣ ನೀನು ತಿಂದುಬಿಡು. ಸಕ್ಕರೆ ಕಾಯಿಲೆ ಬೇರೆ."

"ಮೂವತ್ತೇಳು ವರ್ಷದಲ್ಲಿ ಯಾವತ್ತಾದ್ರೂ ಒಬ್ಬಳೇ ಉಪವಾಸ ಬಿಟ್ಟಿದ್ದೀನಾ? ನೀವು ಇಸ್ಲಾಮನ್ನ ಉಳಿಸಿ ಬನ್ನಿ, ಕಾಯ್ತೀನಿ."

ಸಭೆಯಲ್ಲಿ ಮೇಷ್ಟ್ರ ಹೆಸರು ಕರೆದರು. ಅದೇ ಗಳಿಗೆಗೆ ಮಸೀದಿಯಿಂದ ಬಾಂಗ್ ಕೇಳಿತು. ಮೇಷ್ಟ್ರು ಓದತೊಡಗಿದರು. ನಾಲಿಗೆ ಒಣಗಿದ್ದರೂ ಮಾತು ಚೆನ್ನಾಗಿಯೇ ಬಂತು. ಬರ್ಲಿನ್ನಿನವರು ತಲೆದೂಗಿದರು, ಚೀನಾದ ವಿದ್ವಾಂಸರು ಏನನ್ನೋ ಬರೆದುಕೊಂಡರು. ಮೇಷ್ಟ್ರಿಗೆ ಜನ್ಮ ಸಾರ್ಥಕವಾದಷ್ಟು ಸಂತೋಷ.

ನಾಲ್ಕನೇ ನಿಮಿಷಕ್ಕೆ ತಮಗೆ ಬಲು ಇಷ್ಟವಾದ ಸಾಲು ಬಂತು: "ಯಾರು ಗೆದ್ದರು ಎಂಬುದಲ್ಲ. ಹಸಿದವರನ್ನು ಕಾಯಿಸದಿರುವುದೇ ನಮ್ಮ ನಾಗರಿಕತೆಯ ಹೆಗ್ಗಳಿಕೆ."

ಓದಿ ಕಣ್ಣೆತ್ತಿದರು. ಎದುರಿಗೆ ಬತೂಲ್ ಖರ್ಜೂರ ಹಿಡಿದು ಹಾಗೇ ಕೂತಿದ್ದಳು. ಹಣೆಯ ಮೇಲೆ ಬೆವರು ಮೂಡಿತ್ತು. ಮೇಷ್ಟ್ರಿಗೆ ನಾಚಿಕೆಯಾಯಿತು.

"ಕ್ಷಮಿಸಿ, ಇಲ್ಲಿಗೆ ಸಾಕು," ಎಂದರು.

"ನಿಮಗಿನ್ನೂ ಆರು ನಿಮಿಷ ಇದೆಯಲ್ಲ?" ಎಂದರು ಸಭಾಧ್ಯಕ್ಷರು.

"ಚೀನಾದವರಿಗೆ ಕೊಡಿ."

ಕಂಪ್ಯೂಟರ್ ಮುಚ್ಚಿ ಹೆಂಡತಿಯ ಪಕ್ಕ ಬಂದು ಕೂತರು.

"ಇಷ್ಟು ಬೇಗ ಮುಗೀತಾ? ಕೊನೆಗೆ ನಮ್ಮನ್ನ ಎಷ್ಟನೇ ಸ್ಥಾನದಲ್ಲಿ ಇಟ್ರು?" ಬತೂಲಳ ದನಿ ಸೋತಿತ್ತು, ಚೇಷ್ಟೆ ಸೋತಿರಲಿಲ್ಲ.

ಮೇಷ್ಟ್ರು ಅವಳ ಕೈಯಲ್ಲಿದ್ದ ಖರ್ಜೂರವನ್ನು ತೆಗೆದುಕೊಂಡು ಬೀಜ ಬಿಡಿಸಿದರು.

"ಮೊದಲು ಬಾಯಿ ತೆಗಿ," ಎಂದರು.