ಬೆಣ್ಣೆ ಹಾಕದ ತಟ್ಟೆ

ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಮೊಟ್ಟೆಯಮ್ಮ ಎಂದೇ ಕರೆಯುತ್ತಿದ್ದರು. ಉಂಡದ್ದು ಹೊಟ್ಟೆಯಿಂದ ಮುಂದಕ್ಕೆ ಸಾಗಲು ಕೆಲವರಿಗೆ ಯಾಕೆ ತಡವಾಗುತ್ತದೆ ಎಂದು ಸಂಶೋಧನೆ ಮಾಡುವ ವಿಭಾಗದಲ್ಲಿ ಆರು ವರ್ಷದಿಂದ ಆಕೆಗೆ ಒಂದೇ ಕೆಲಸ. ಮೊಟ್ಟೆಯ ಬಿಳಿಭಾಗ ಬೇಯಿಸಿ, ಎರಡು ಹೋಳು ಬ್ರೆಡ್ಡು, ಒಂದಿಷ್ಟು ಜಾಮು, ಒಂದು ಲೋಟ ನೀರಿನ ಜೊತೆ ರೋಗಿಯ ಮುಂದಿಡುವುದು. ಬೇಯಿಸುವ ಮೊದಲು, ಹೊಟ್ಟೆಯ ಚಿತ್ರ ತೆಗೆಯುವ ಕ್ಯಾಮೆರಾದವನು ಅದಕ್ಕೆ ಒಂದು ಹನಿ ಮದ್ದು ಬೆರೆಸುತ್ತಾನೆ. ಆ ಹನಿಯ ಜಾಡು ಹಿಡಿದು ಅವನ ಯಂತ್ರ ನಾಲ್ಕು ಗಂಟೆ ಹೊಟ್ಟೆಯನ್ನು ನೋಡುತ್ತದೆ. ಕೊನೆಗೆ ನೂರರಲ್ಲಿ ಹತ್ತು ಪಾಲಿಗಿಂತ ಹೆಚ್ಚು ಉಳಿದಿದ್ದರೆ ರೋಗ ನಿಜ. ಇಲ್ಲದಿದ್ದರೆ ಎದ್ದು ಮನೆಗೆ ಹೋಗಬಹುದು.

ಆ ದಿನ ತಟ್ಟೆಗಾಗಿ ಕಾದು ಕೂತಿದ್ದವಳು ಆಕೆಯ ಸ್ವಂತ ಸೊಸೆ.

ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋದ ಮೇಲೆ ಸೊಸೆ ನಾಲ್ಕು ತುತ್ತಿಗೆ ಕೈ ತೊಳೆಯುತ್ತಿದ್ದಳು. ಮಧ್ಯಾಹ್ನ ಉಂಡದ್ದು ಸಂಜೆ ಹಾಗೇ ವಾಂತಿಯಾಗುತ್ತಿತ್ತು. ಹನ್ನೊಂದು ಕೆಜಿ ಇಳಿದಿದ್ದಳು. ಇಡೀ ದಿನ ಇಂಥವರನ್ನೇ ನೋಡುವ ಮೊಟ್ಟೆಯಮ್ಮನಿಗೆ ಮನೆಯೊಳಗಿನ ರೋಗಿ ಮಾತ್ರ ಕಾಣಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಈ ಅತ್ತೆಯ ಪಾಲಿಗೆ ಮನೆಯ ರೋಗವೂ ರೋಗವಲ್ಲ. ಆಕೆಗೆ ಕಂಡದ್ದು ಮುಕ್ಕಾಲು ಉಳಿದ ತಟ್ಟೆ, ತನ್ನ ಕೈಯಡಿಗೆಗೆ ಆದ ಅವಮಾನ.

“ನಾಟಕ ಇದು,” ಎಂದು ಬೆಳಿಗ್ಗೆ ಮಗನ ಮುಂದೆಯೇ ಹೇಳಿದ್ದಳು. “ಹತ್ತರ ಒಳಗೆ ಬಂತು ಅಂದ್ರೆ ಇವಳಿಗೆ ಅಂತ ನಾನು ಗಂಜಿ ಬೇಯಿಸೋ ಬೇರೆ ಪಾತ್ರೆ ನನ್ನ ಒಲೆ ಮೇಲೆ ಕೂರಕೂಡದು. ಎಲ್ಲರ ಜೊತೆ ಕೂತು ಎಲ್ಲರಷ್ಟು ತಿನ್ಬೇಕು.”

“ಹತ್ತು ದಾಟಿದ್ರೆ?” ಎಂದಳು ಸೊಸೆ.

“ದಾಟಲ್ಲ.”

“ದಾಟಿದ್ರೆ ದೊಡ್ಡ ಆಸ್ಪತ್ರೆಯವರು ಹೊಸ ಮಾತ್ರೆ ಪ್ರಯೋಗಕ್ಕೆ ನನ್ನ ಸೇರಿಸ್ಕೋತಾರೆ. ಹೆಸರು ಕಳಿಸೋಕೆ ಇವತ್ತು ಸಂಜೆನೇ ಕೊನೆ. ಆಮೇಲೆ ನನ್ನ ತಟ್ಟೆ ವಿಷಯಕ್ಕೆ ನೀವು ಬರಕೂಡದು, ಅತ್ತೆ.”

ಮಗ ಇಬ್ಬರಿಗೂ ಹೂಂ ಅಂದು ಕೆಲಸಕ್ಕೆ ಹೋದ. ಅವನಿಂದ ಅದಕ್ಕಿಂತ ಹೆಚ್ಚೇನೂ ಯಾರೂ ನಿರೀಕ್ಷಿಸಿರಲಿಲ್ಲ.

ಮೊಟ್ಟೆಯಮ್ಮನಿಗೆ ಒಂದು ಗುಟ್ಟಿತ್ತು. ಹೊಸತರಲ್ಲಿ ರೋಗಿಗಳು ಆ ಸಪ್ಪೆ ಮೊಟ್ಟೆಯನ್ನು ಅರ್ಧಕ್ಕೇ ಬಿಡುತ್ತಿದ್ದರು. ಅರ್ಧ ತಿಂದರೆ ಪರೀಕ್ಷೆ ವ್ಯರ್ಥ, ಬೈಗುಳ ಆಕೆಗೆ. ಒಂದು ದಿನ ಬಾಣಲೆಗೆ ಒಂದು ಚಮಚ ಬೆಣ್ಣೆ ಹಾಕಿದಳು. ತಟ್ಟೆ ಖಾಲಿ. “ನಿಮ್ಮ ಕೈಗುಣ,” ಎಂದರು ಡಾಕ್ಟರಮ್ಮ. ಅಂದಿನಿಂದ ಬ್ರೆಡ್ಡಿನ ಡಬ್ಬಿಯ ಹಿಂದೆ ಬೆಣ್ಣೆಯ ಡಬ್ಬಿ ಕಾಯಂ ಆಯಿತು. ‘ಎಣ್ಣೆ, ಬೆಣ್ಣೆ ಕೂಡದು’ ಎಂದು ಗೋಡೆಯ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿತ್ತು. ಅದನ್ನು ಓದು ಬಲ್ಲವರು ಬರೆದದ್ದು, ಅಡಿಗೆ ಬಲ್ಲವರಲ್ಲ ಎಂದು ಆಕೆ ತೀರ್ಮಾನಿಸಿದ್ದಳು.

ಸೊಸೆಯ ಪಾಲಿಗೆ ಮಾತ್ರ ಅಂದು ಬೆಣ್ಣೆ ಬೀಳಲಿಲ್ಲ. ತನ್ನ ತಟ್ಟೆ ವಿಷಯಕ್ಕೆ ಬರಕೂಡದು ಅಂದವಳಿಗ್ಯಾಕೆ ನನ್ನ ಬೆಣ್ಣೆ? ಒಣ ಬಾಣಲೆಯಲ್ಲಿ ಬೆಂದ ಮೊಟ್ಟೆ ರಬ್ಬರಿನಂತಾಯಿತು, ತಳಕ್ಕೂ ಹಿಡಿಯಿತು. ಯಾವತ್ತೂ ಪಾತ್ರೆ ಹಾಗೇ ಬಿಡದವಳು ಬಾಣಲೆಯನ್ನು ತೊಳೆಯದೆ ಬಿಟ್ಟು ಬಂದು, ತಟ್ಟೆಯನ್ನು ಸೊಸೆಯ ಎದುರು ಕುಕ್ಕಿದಳು.

“ಹತ್ತು ನಿಮಿಷ. ಉಳಿಸಿದ್ರೆ ಪರೀಕ್ಷೆ ಇಲ್ಲ.”

ಸೊಸೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಾ ಅಗಿದಳು. ಒಂಬತ್ತನೇ ನಿಮಿಷಕ್ಕೆ ಖಾಲಿ ತಟ್ಟೆಯನ್ನು ಬೋರಲು ಹಾಕಿ ತೋರಿಸಿದಳು.

ನಾಲ್ಕು ಗಂಟೆ ಕಳೆದ ಮೇಲೆ ಕ್ಯಾಮೆರಾದವನು ಪರದೆಯನ್ನು ಅವರತ್ತ ತಿರುಗಿಸಿ, “ನಲವತ್ತೊಂದು ಪಾಲು ಇನ್ನೂ ಅಲ್ಲೇ ಇದೆ,” ಎಂದ. ಮೊಟ್ಟೆಯಮ್ಮನ ಮುಖ ಹುಳ್ಳಗಾಯಿತು. ಸೊಸೆ ಮೊದಲ ಸಲ ನಕ್ಕಳು, ಒಳ್ಳೆಯ ನಗುವಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಕೈಯಲ್ಲಿ ಬೆಣ್ಣೆಯ ಡಬ್ಬಿ.

“ಮೂರು ತಿಂಗಳಿಂದ ತಲೆ ಕೆಟ್ಟುಹೋಗಿದೆ ನಂಗೆ. ಹೋಲಿಸಿ ನೋಡೋಕೆ ಅಂತ ಕರೆಸಿದ ಗುಂಡುಕಲ್ಲಿನಂಥ ಜನರ ಹೊಟ್ಟೆನೂ ತಡ ಅಂತ ಬರ್ತಿದೆ. ಇವತ್ತು ಹುಡುಕಿದ್ರೆ ಬ್ರೆಡ್ಡಿನ ಡಬ್ಬಿ ಹಿಂದೆ ಇದು ಸಿಕ್ತು. ಕೊಬ್ಬು ತಿಂದ್ರೆ ಎಂಥ ಹೊಟ್ಟೆನಾದ್ರೂ ನಿಧಾನ ಆಗುತ್ತೆ ಕಣ್ರೀ. ಅದಕ್ಕೇ ಅಲ್ವಾ ಕಾರ್ಡಲ್ಲಿ ಬರೆದಿರೋದು? ಆರು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.” ಆಮೇಲೆ ಕ್ಯಾಮೆರಾದವನ ಕಡೆ ತಿರುಗಿದರು. “ಇವತ್ತಿನದೂ ಲೆಕ್ಕಕ್ಕಿಲ್ಲ. ಈಕೆಯ ಹೆಸರು ಕಳಿಸ್ಬೇಡಿ.”

ಸೊಸೆಯ ನಗು ಅಲ್ಲೇ ಸತ್ತಿತು.

ಮೊಟ್ಟೆಯಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಗೆದ್ದಂತೆಯೇ. ಬೇರೆ ಪಾತ್ರೆ ನಾಳೆಯೇ ಒಲೆಯಿಂದ ಇಳಿಯುತ್ತಿತ್ತು. ಆದರೆ ಎಂಥ ಹೊಟ್ಟೆಯಾದರೂ ನಿಧಾನ ಎಂಬ ಮಾತು ಆಕೆಯ ಎದೆಗೆ ನಾಟಿತ್ತು. ಮನೆಯಲ್ಲಿ ಸೊಸೆಯ ಗಂಜಿಗೆ ಆಕೆ ಹಾಕುತ್ತಿದ್ದ ಬೆಣ್ಣೆ ಒಂದಲ್ಲ, ಎರಡು ಚಮಚ. ಹೇಗೆ ತಿನ್ನಲ್ಲ ನೋಡೋಣ ಎಂಬ ಹಟಕ್ಕೆ, ಎರಡು ವರ್ಷ. ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು, ಆ ಸಿಟ್ಟೂ ಸೊಸೆಯ ಮೇಲೇ ಹೊರಳಿತು.

“ಅವಳ ತಟ್ಟೇಲಿ ಬೆಣ್ಣೆ ಇರ್ಲಿಲ್ಲ,” ಎಂದಳು.

“ಸೊಸೆ ಅಂತ ಈಗ ರಾಗ ತೆಗೀಬೇಡಿ,” ಎಂದರು ಡಾಕ್ಟರಮ್ಮ.

“ಸೊಸೆ ಅಂತಲೇ ಹಾಕ್ಲಿಲ್ಲ. ದಾರೀಲಿ ಹೋಗೋರಿಗೆಲ್ಲ ಹಾಕಿದೀನಿ, ಇವಳಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಬಾಣಲೆ ತೊಳೆದಿಲ್ಲ, ನೋಡ್ಕೊಳ್ಳಿ.”

ಡಾಕ್ಟರಮ್ಮ ನೋಡಿ ಬಂದರು. ಬಾಣಲೆಯಲ್ಲಿ ಜಿಡ್ಡಿನ ಸುಳಿವಿರಲಿಲ್ಲ. ಸುಟ್ಟ ಮೊಟ್ಟೆ ಚಮಚದಲ್ಲಿ ಕೆರೆದರೂ ಏಳುತ್ತಿರಲಿಲ್ಲ. ಹೆಸರು ಕಳಿಸುವ ಕಾಗದಕ್ಕೆ ಸಹಿ ಹಾಕಿ, ತಲೆ ಎತ್ತದೆಯೇ, “ನಾಳೆಯಿಂದ ನೀವು ಬರ್ಬೇಡಿ,” ಎಂದರು.

ಮೊಟ್ಟೆಯಮ್ಮ ಏಪ್ರನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಹೊರಟಳು. ಮೆಟ್ಟಿಲ ಹತ್ತಿರ ಸೊಸೆ ಹಿಂದಿನಿಂದ ಬಂದು ಸೇರಿದಳು. ಥ್ಯಾಂಕ್ಸ್ ಅನ್ನಲಿಲ್ಲ.

“ಗಂಟೆ ಐದಾಯ್ತು. ಇನ್ನೂ ವಾಂತಿ ಆಗಿಲ್ಲ ನಂಗೆ,” ಎಂದಳು. “ಎರಡು ವರ್ಷದಲ್ಲಿ ನಿಮ್ಮ ಕೈಯಿಂದ ತಿಂದಿದ್ದರಲ್ಲಿ ನನ್ನ ಹೊಟ್ಟೇಲಿ ಉಳಿದದ್ದು ಇದೊಂದೇ, ಅತ್ತೆ.”