ರತ್ನಪಕ್ಷಿಗೆ ಕಾವಲಿದ್ದ ಸೀಟಿ

ನಾನು ಒಂದು ಸೀಟಿ. ಹಿತ್ತಾಳೆಯ ಮೈ, ಹೊಟ್ಟೆಯೊಳಗೆ ಬೆಂಡಿನ ಪುಟ್ಟ ಗೋಲಿ. ಆ ಗೋಲಿ ಕುಣಿದರೇ ನನಗೆ ದನಿ. ಯಾವುದೋ ದೂರದ ಊರಿನ ಹೊಗೆ ತುಂಬಿದ ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನನ್ನು ಉಜ್ಜಿ ಹೊಳೆಯಿಸಿದವನು ಒಮ್ಮೆ ತುಟಿಗಿಟ್ಟು ಊದಿ ತಲೆದೂಗಿದ. ಬದುಕಿನಲ್ಲಿ ನನಗೆ ಸಿಕ್ಕ ಮೆಚ್ಚುಗೆ ಅದೊಂದೇ. ಆಮೇಲೆ ನನ್ನ ದನಿ ಕೇಳಿ ಹಿಗ್ಗಿದವರನ್ನು ನಾನಂತೂ ಕಾಣೆ.

ಮೊದಲು ನನ್ನನ್ನು ಕೊಂಡವರು ಒಬ್ಬ ಡ್ರಿಲ್ ಮೇಷ್ಟ್ರು. ಅವರ ಕೊರಳಲ್ಲಿ ತೂಗಾಡುತ್ತ ಮಕ್ಕಳನ್ನು ಓಡಿಸಿದೆ, ನಿಲ್ಲಿಸಿದೆ, ಸಾಲು ಮಾಡಿಸಿದೆ. ಅವರು ನಿವೃತ್ತರಾದ ದಿನ ಎದುರುಮನೆಯ ಚೆಲುವಯ್ಯನ ಅಂಗೈಗೆ ನನ್ನನ್ನು ಹಾಕಿ, "ನಿನ್ನ ಕೆಲಸಕ್ಕೆ ಬೇಕಾಗುತ್ತೆ ಇಟ್ಕೊಳಯ್ಯ. ಆದ್ರೆ ಸುಮ್‌ಸುಮ್ನೆ ಊದಬೇಡ" ಎಂದರು.

ಚೆಲುವಯ್ಯ ಕೆರೆ ಪಕ್ಕದ ಪಾರ್ಕಿನ ಕಾವಲುಗಾರ. ಮೇಷ್ಟ್ರ ಮಾತಿನ ಮೊದಲರ್ಧವನ್ನು ಮಾತ್ರ ಕಿವಿಗೆ ಹಾಕಿಕೊಂಡ ಪುಣ್ಯಾತ್ಮ. ಹುಲ್ಲು ತುಳಿದರೆ ಊದುತ್ತಿದ್ದ, ಹೂವು ಮುಟ್ಟಿದರೆ ಊದುತ್ತಿದ್ದ. ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ಹಾಕುವ ಹೊತ್ತಿಗಂತೂ ನನ್ನ ಹೊಟ್ಟೆಯ ಗೋಲಿಗೆ ತಲೆ ಸುತ್ತು ಬರುತ್ತಿತ್ತು. "ರೂಲ್ಸ್ ಅಂದ್ರೆ ರೂಲ್ಸು. ನಮ್ಮಪ್ಪ ಬಂದ್ರೂ ಅಷ್ಟೇಯ" ಎನ್ನುವುದು ಅವನ ಪಲ್ಲವಿ. ಗೇಟಿನ ಪಕ್ಕದ ಬಿದಿರುಮೆಳೆಯಲ್ಲಿ ಒಂದು ಕೆಂಬೂತ ಇತ್ತು. ಕಾಗೆಯಷ್ಟು ದೊಡ್ಡದು, ಕರಿ ಮೈ, ಇಟ್ಟಿಗೆ ಬಣ್ಣದ ರೆಕ್ಕೆ. ಅದು ಗೊಗ್ಗರು ದನಿಯಲ್ಲಿ "ಊಪ್ ಊಪ್" ಎಂದು ಹೊರಬಂದರೆ ಸಾಕು, "ನವಿಲು ನೋಡಿ ಪುಕ್ಕ ಕೆದರಿದ್ದು ಇದೇ ಮೂದೇವಿ" ಎಂದು ಅದಕ್ಕೂ ಊದಿ ಓಡಿಸುತ್ತಿದ್ದ.

ಇಂಥವನ ಒಳಗೂ ಒಂದು ಮೆತ್ತನೆಯ ಜಾಗ ಇತ್ತು. ಅದು ಮಗಳು ಚಿಕ್ಕತಾಯಿ. ಅವಳು ಎರಡು ಸಲ ಬಸಿರಾಗಿ ಎರಡೂ ಸಲ ಕೂಸು ಉಳಿದಿರಲಿಲ್ಲ. ಈಗ ಮೂರನೆಯ ಸಲ. ಅವನು ಹಗಲೆಲ್ಲ ಜನರನ್ನು ಗದರಿಸುತ್ತಲೇ ಒಳಗೊಳಗೆ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದ. ಅವನ ಎದೆಯ ಮೇಲೇ ತೂಗಾಡುತ್ತಿದ್ದ ನನಗೆ ಅದು ತಿಳಿಯುತ್ತಿತ್ತು.

ಆ ಚಳಿಗಾಲ ಒಂದು ಹಕ್ಕಿ ಬಂತು. ಅಂಚೆ ಕಚೇರಿಯ ವಿಮಲಾಕ್ಷಿ ಮೇಡಂ ದಿನಾ ದುರ್ಬೀನು ಹಿಡಿದು ಪಾರ್ಕಿಗೆ ಬರುವವರು, ಒಂದು ಸಲವೂ ಹುಲ್ಲು ತುಳಿಯದವರು. ಅವರೇ ಅದನ್ನು ಮೊದಲು ಕಂಡದ್ದು. ಯೋಗ ಮಾಡುವ ಗಾಜಿನ ಮಂಟಪದ ಎದುರಿನ ಪೊದೆಯಲ್ಲಿ, ಗುಬ್ಬಿಗಿಂತ ಕೊಂಚ ದೊಡ್ಡ ಕಂದು ಹಕ್ಕಿ. ತಲೆ ಎತ್ತಿದಾಗ ಗಂಟಲಲ್ಲಿ ಕೆಂಡದಂಥ ಕೆಂಪು.

"ಸೈಬೀರಿಯಾದಿಂದ ಬಂದಿದೆ ಚೆಲುವಯ್ಯನವರೇ. ಈ ಕಡೆ ಕಾಣೋದೇ ಇಲ್ಲ" ಎಂದು ಮೇಡಂ ಪಿಸುಗುಟ್ಟಿದರು.

"ಏನ್ ಮೇಡಮ್ಮೋರೆ ಇದ್ರ ಹೆಸ್ರು?"

"ರೂಬಿಥ್ರೋಟ್ ಅಂತಾರೆ. ಕನ್ನಡದಲ್ಲಿ ಏನನ್ನಬೇಕೋ ಗೊತ್ತಿಲ್ಲ. ಕೊರಳಲ್ಲಿ ರತ್ನ ಇರೋ ಪಕ್ಷಿ ಅನ್ನಿ."

ರತ್ನ, ಪಕ್ಷಿ. ಚೆಲುವಯ್ಯ ಪೊದೆಯತ್ತ ತಿರುಗಿ ಕೈಮುಗಿದ. ರತ್ನಪಕ್ಷಿ ಕಣ್ಣಿಗೆ ಬಿದ್ದರೆ ಅದೃಷ್ಟ ಒದ್ದುಕೊಂಡು ಬರುತ್ತದೆಂದು ಚಿಕ್ಕಂದಿನಿಂದ ಕೇಳಿದ್ದ. ಹೆಸರು ಕೇಳಿದ್ದನೇ ಹೊರತು ಅದು ಯಾವುದೆಂದು ಕಂಡವನಲ್ಲ.

ಟೀ ಅಂಗಡಿಯಲ್ಲಿ ಅವನ ಬಾಯಿಂದ ಜಾರಿದ ಮಾತು ಮಾರನೆಯ ದಿನವೇ ಊರೆಲ್ಲ ಹಬ್ಬಿತು. ಉದ್ದುದ್ದ ಕ್ಯಾಮೆರಾದವರು ಬಂದರು. ಅವರ ಹಿಂದೆ ಅರಿಶಿನ ಕುಂಕುಮ ಹಿಡಿದವರು, ಮದುವೆಯಾಗದವರು, ಕೇಸು ಗೆಲ್ಲಬೇಕಾದವರು. "ಅದು ಬೇರೆ, ಇದು ಬೇರೆ" ಎಂದು ವಿಮಲಾಕ್ಷಿ ಮೇಡಂ ಹೇಳುತ್ತಲೇ ಇದ್ದರು. ಹಾಗಾದರೆ ಅದು ಯಾವುದು ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಚೆಲುವಯ್ಯ ಪೊದೆಯ ಸುತ್ತ ಹಗ್ಗ ಕಟ್ಟಿ, ದಾಟಿದವರ ಮೇಲೆಲ್ಲ ನನ್ನನ್ನು ಊದಿದ. ಊದಿದಷ್ಟೂ ಹಕ್ಕಿ ಪೊದೆಯ ಒಳಗೊಳಗೆ ಸೇರಿಕೊಂಡಿತು. ಬೇಲಿ ಕಾಯುವವನ ಗದ್ದಲವೇ ದೊಡ್ಡದಾಯಿತಲ್ಲ ಎಂದು ನನಗೆ ಕಸಿವಿಸಿ.

ಒಂದು ದಿನ ಹನ್ನೊಂದು ಹೊಡೆಯಿತು. ಜನರನ್ನೆಲ್ಲ ಹೊರಡಿಸಿ ಬಾಗಿಲೆಳೆದ ಚೆಲುವಯ್ಯ, ಆಚೆ ನಿಂತಿದ್ದ ಚಿಕ್ಕತಾಯಿಯನ್ನು ಮೆಲ್ಲಗೆ ಒಳಗೆ ಕರೆದ. ಅಪ್ಪ ಬಂದರೂ ಇಲ್ಲವೆಂದವನು ಮಗಳಿಗೆ ಬಾಗಿಲು ತೆರೆದ. ಬಿದಿರುಮೆಳೆಯಿಂದ ಕೆಂಬೂತ ಅವಳ ದಾರಿಗೆ ಅಡ್ಡ ಬಂತು. "ಥೂ, ಅಪಶಕುನ" ಎಂದು ನನ್ನನ್ನು ಊದಿ ಅದನ್ನು ಓಡಿಸಿದ. ಮಗಳನ್ನು ಹಗ್ಗ ದಾಟಿಸಿ ಕಲ್ಲುಬೆಂಚಿನ ಮೇಲೆ ಕೂರಿಸಿದ. ಕಾದರು. ಹಕ್ಕಿ ಹೊರಬರಲಿಲ್ಲ. ಬಿಸಿಲೇರಿತು, ತುಂಬುಬಸುರಿ ಬೆವೆತಳು.

"ಬುಡು ಅಪ್ಪಾ, ಪಾಪ, ಅದ್ಕೂ ಭಯ ಆಗಿರ್ತದೆ."

"ಇಷ್ಟು ದೂರ ಬಂದು ಕಾಣದೆ ಹೋಗ್ತೀಯಾ? ಇರು ಮಗ."

ಅವನು ಪೊದೆಯ ಹಿಂದಕ್ಕೆ ಹೋದ. ಗೇಟಿನ ಸರಳಿನಾಚೆಯಿಂದ ವಿಮಲಾಕ್ಷಿ ಮೇಡಂ, "ಬೇಡಿ, ಊದಬೇಡಿ!" ಎಂದು ಕೂಗಿದರು. ಅಷ್ಟರಲ್ಲಿ ಅವನು ಎದೆ ತುಂಬ ಉಸಿರೆಳೆದು ನನ್ನನ್ನು ಊದಿಯಾಗಿತ್ತು. ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ. ಹಕ್ಕಿ ಬಾಣದಂತೆ ಹೊರಬಂತು. ಒಂದು ಸಲ ಗಂಟಲು ಕೆಂಪಗೆ ಹೊಳೆಯಿತು. ಎದುರಿನ ಗಾಜಿಗೆ ಬಡಿದು ಕೆಳಗೆ ಬಿತ್ತು.

"ಕಂಡ್ಯಾ ಮಗ? ಕಂಡ್ಯಾ?" ಪೊದೆಯ ಹಿಂದಿನಿಂದ ಅವನು ಖುಷಿಯಲ್ಲಿ ಕೇಳುತ್ತಲೇ ಇದ್ದ.

ಎದ್ದು ಹೋಗಿ ಗೇಟು ತೆರೆದವಳು ಚಿಕ್ಕತಾಯಿಯೇ. ಮೇಡಂ ಓಡಿ ಬಂದು ಹಕ್ಕಿಯನ್ನು ಕರವಸ್ತ್ರದಲ್ಲಿ ಎತ್ತಿಕೊಂಡರು. ಅದರ ಕತ್ತು ವಾಲಿತ್ತು. ಚೆಲುವಯ್ಯ ಕುಸಿದು ಕುಳಿತು ಗೋಳಾಡಿದ: "ರತ್ನಪಕ್ಷಿ ಸತ್ತೋಯ್ತಲ್ಲ ಮೇಡಮ್ಮೋರೆ! ನನ್ನ ಮಗಳ ಗತಿ ಏನು?"

ಮೇಡಂ ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ. "ಇದು ರತ್ನಪಕ್ಷಿ ಅಲ್ಲ ಚೆಲುವಯ್ಯನವರೇ. ಜನ ರತ್ನಪಕ್ಷಿ ಅನ್ನೋದು ಕೆಂಬೂತಕ್ಕೆ. ನಿಮ್ಮ ಬಿದಿರುಮೆಳೆಯಲ್ಲಿ ದಿನಾ ಕೂಗುತ್ತಲ್ಲ, ಅದಕ್ಕೆ."

ಚಿಕ್ಕತಾಯಿ ಬಿದಿರುಮೆಳೆಯತ್ತ ತಿರುಗಿದಳು. ಆಮೇಲೆ, "ಬರೋವಾಗ್ಲೇ ಕಂಡಿದ್ದೆ ಕಣಪ್ಪ. ನೀನೇ ಊದಿ ಓಡಿಸ್ದೆ" ಎಂದಳು.

ಆ ಸಂಜೆ ಚೆಲುವಯ್ಯ ಮೊಳೆಯ ತುದಿಯಿಂದ ನನ್ನ ಹೊಟ್ಟೆಯ ಗೋಲಿಯನ್ನು ಕೆತ್ತಿ ಕೆತ್ತಿ ತೆಗೆದ, ಬಾಯಿಯ ಸೀಳನ್ನೂ ಬಗ್ಗಿಸಿ ಹಾಕಿದ. ನೋವಾಯಿತು. ತಪ್ಪೆನ್ನಲಾರೆ.

ಚಿಕ್ಕತಾಯಿಗೆ ಹೆಣ್ಣು ಕೂಸಾಯಿತು, ಉಳಿಯಿತು. ರತ್ನ ಎಂದು ಹೆಸರಿಡೋಣ ಎಂದರು ಮನೆಯವರು. ಚೆಲುವಯ್ಯ ಬೇಡವೆಂದು ಎದ್ದುಹೋದ.

ಈಗ ಅವನೂ ಕೆಲಸ ಬಿಟ್ಟಿದ್ದಾನೆ. ನಾನು ಅವನ ಮನೆಯ ಕಿಟಕಿಯ ಮೊಳೆಗೆ ನೇತಾಡುತ್ತಿದ್ದೇನೆ, ಹಿತ್ತಾಳೆ ಕಪ್ಪಿಟ್ಟಿದೆ. ಮೊಮ್ಮಗಳು ಒಮ್ಮೊಮ್ಮೆ ನನ್ನನ್ನು ಇಳಿಸಿ ಊದುತ್ತಾಳೆ. ಕೆನ್ನೆ ಉಬ್ಬಿಸಿ ಎಷ್ಟು ಊದಿದರೂ ನನ್ನಿಂದ ಬರುವುದು ಬರಿ ಉಸಿರು. "ಇದು ಯಾಕೆ ಕೂಗಲ್ಲ ತಾತ?" ಎಂದು ಕೇಳುತ್ತಾಳೆ. ಪಾರ್ಕಿನ ಕಡೆಯಿಂದ ಕೆಂಬೂತ "ಊಪ್ ಊಪ್" ಎನ್ನುತ್ತದೆ. ಕೈಮುಗಿಯಲೂ ಆಗದೆ, ಬೈಯಲೂ ಆಗದೆ, ಅದು ಕೂಗಿ ಮುಗಿಸುವವರೆಗೂ ಅವನು ತಲೆ ತಗ್ಗಿಸಿ ಕೂತಿರುತ್ತಾನೆ.